22 ಮೀಟರ್‌ಗೆ ಒಂದೇ ಟೆಂಪ್ಲೇಟ್ ಸಾಕಾ?

ಕಾರಟಗಿಯ ರೈಸ್ ಮಿಲ್ಲಿನಲ್ಲಿ 22 ಎನರ್ಜಿ ಮೀಟರ್ ಇವೆ, ಎಲ್ಲ ಒಂದೇ ಮಾಡೆಲ್, ಮಾಡ್‌ಬಸ್ (ಮೀಟರ್ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಪದ್ಧತಿ) ಮೇಲೆ ಕಂಪ್ಯೂಟರಿಗೆ ಜೋಡಿಸಿದ್ದೇವೆ ಅಂದಿದ್ದೀರಿ. ಒಂದೊಂದಕ್ಕೂ 30 ರಿಜಿಸ್ಟರ್ (ಮೀಟರ್ ತನ್ನ ಅಂಕಿ ಇಟ್ಟುಕೊಳ್ಳುವ, ನಂಬರ್ ಹಾಕಿದ ಖಾನೆ) ಕೈಯಲ್ಲಿ ತುಂಬಬೇಕಾ, ಇಲ್ಲ ಒಂದು ಟೆಂಪ್ಲೇಟ್ ಫೈಲ್ ಮಾಡಿದರೆ ಸಾಕಾ ಅನ್ನೋದು ನಿಮ್ಮ ಪ್ರಶ್ನೆ.

ಒಂದೇ ಸಾಕು. ಆದರೆ ಆ ಫೈಲಿನೊಳಗೆ ಏನು ಬರೆಯಬೇಕು, ಏನು ಬರೆಯಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಾನು ಗಂಗಾವತಿ ಸುತ್ತಲಿನ ಮಿಲ್ಲುಗಳಲ್ಲಿ ಇದೇ ಕೆಲಸ ಮಾಡುತ್ತೇನೆ. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಟೆಂಪ್ಲೇಟ್ ಅಂದರೆ ಆ ಮಾಡೆಲ್‌ನ ನಕ್ಷೆ. ಯಾವ ರಿಜಿಸ್ಟರಿನಲ್ಲಿ ವೋಲ್ಟೇಜ್, ಯಾವುದರಲ್ಲಿ ಕರೆಂಟ್, ಯಾವುದರಲ್ಲಿ ಯೂನಿಟ್, ಫಂಕ್ಷನ್ ಕೋಡ್ (ಯಾವ ಬಗೆಯ ಓದು ಅಂತ ಮೀಟರ್‌ಗೆ ಹೇಳುವ ನಂಬರ್) 3ರಲ್ಲಿ ಓದಬೇಕಾ 4ರಲ್ಲಾ, ಬರುವ ಅಂಕಿ ಫ್ಲೋಟಾ (ದಶಮಾಂಶ ಇರುವ ಅಂಕಿ) ಪೂರ್ಣಾಂಕವಾ. ಎಲ್ಲ 22 ಮೀಟರ್‌ಗೂ ಒಂದೇ ಆಗಿರುವುದು ಇಷ್ಟೇ. ರ‍್ಯಾಪಿಡ್ ಸ್ಕಾಡಾ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರಿನಲ್ಲಾದರೆ ಇದೊಂದು ಎಕ್ಸ್‌ಎಂಎಲ್ ಫೈಲ್. ಹೊಸ ಮೀಟರ್ ಸೇರಿಸುವಾಗ ಆ ಫೈಲಿನ ಹೆಸರು ಕೊಟ್ಟರೆ ಆಯಿತು. ಮೀಟರ್‌ನ ಅಡ್ರೆಸ್, ಪೋರ್ಟ್, 'ಪಾಲಿಷರ್ 2' ಅನ್ನೋ ಹೆಸರು, ಇವೆಲ್ಲ ಟೆಂಪ್ಲೇಟಿನ ಹೊರಗೆ, ಆಯಾ ಮೀಟರ್‌ನ ಸೆಟ್ಟಿಂಗಿನಲ್ಲಿ ಇರಬೇಕು.

ನಾನು ಎಡವಿದ್ದು ಸಿ.ಟಿ. ರೇಶಿಯೋದಲ್ಲಿ. ಸಿ.ಟಿ. ಅಂದರೆ ದೊಡ್ಡ ಕರೆಂಟನ್ನು ಮೀಟರ್ ತಾಳುವಷ್ಟಕ್ಕೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್; 200/5 ಅಂದರೆ 200 ಆಂಪಿಯರ್ ಅನ್ನು 5ಕ್ಕೆ ಇಳಿಸುತ್ತದೆ. ಒಂದು ಮಿಲ್ಲಿನಲ್ಲಿ ಮೊದಲು ಪಾಲಿಷರ್ ಮೀಟರ್‌ಗೆ ಟೆಂಪ್ಲೇಟ್ ಮಾಡಿದೆ. ಅಲ್ಲಿ ಸಿ.ಟಿ. 200/5. ಮೀಟರ್‌ನಲ್ಲಿ ರೇಶಿಯೋ ಹಾಕಿರಲಿಲ್ಲ, ಹಾಗಾಗಿ 40ರಿಂದ ಗುಣಿಸು ಅಂತ ಟೆಂಪ್ಲೇಟಿನಲ್ಲೇ ಬರೆದೆ. ಅಂಕಿ ಸರಿ ಬಂತು. ಅದೇ ಫೈಲನ್ನು ಉಳಿದ ಮೀಟರ್‌ಗಳಿಗೂ ಕೊಟ್ಟೆ. ಡ್ರೈಯರ್ ಮತ್ತು ಎಲಿವೇಟರ್ ಪ್ಯಾನೆಲ್‌ಗಳಲ್ಲಿ ಇದ್ದದ್ದು 100/5. ಅಲ್ಲಿ 20ರಿಂದ ಗುಣಿಸಬೇಕಿತ್ತು. ಎರಡು ತಿಂಗಳು ಆ ಮೀಟರ್‌ಗಳೆಲ್ಲ ದುಪ್ಪಟ್ಟು ಯೂನಿಟ್ ತೋರಿಸಿದವು. ಮಾಲೀಕರು ಕರೆಂಟ್ ಬಿಲ್ ಪಕ್ಕಕ್ಕಿಟ್ಟು ಕೂಡಿದಾಗ ಒಳಗಿನ ಮೀಟರ್‌ಗಳ ಮೊತ್ತ ಮೇನ್ ಮೀಟರ್‌ಗಿಂತ ಜಾಸ್ತಿ ಇತ್ತು! ಅಷ್ಟರಲ್ಲಿ ಡ್ರೈಯರ್ ಮೋಟಾರ್ ಕರೆಂಟ್ ತಿನ್ನುತ್ತಿದೆ ಅಂತ ರಿವೈಂಡಿಂಗಿಗೆ ಕಳಿಸಿಯೂ ಆಗಿತ್ತು. ಆ ಖರ್ಚು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಈಗ ನಾನು ಸಿ.ಟಿ. ರೇಶಿಯೋವನ್ನು ಮೀಟರ್‌ನ ಬಟನ್ ಒತ್ತಿ ಮೀಟರ್‌ನಲ್ಲೇ ಹಾಕುತ್ತೇನೆ. ಆಗ ಪ್ಯಾನೆಲ್ ಮುಂದೆ ನಿಂತವನಿಗೂ ಆಫೀಸಿನಲ್ಲಿ ಕೂತವನಿಗೂ ಒಂದೇ ಅಂಕಿ ಕಾಣುತ್ತದೆ, ಅಲ್ವಾ?

ಎರಡನೇ ಮಾತು: ಮೊದಲು ಒಂದೇ ಒಂದು ಮೀಟರ್ ಓಡಿಸಿ. ಪ್ಯಾನೆಲ್ ಹತ್ತಿರ ಒಬ್ಬರು ನಿಂತು ಫೋನಿನಲ್ಲಿ ಅಂಕಿ ಓದಲಿ, ನೀವು ಸ್ಕ್ರೀನಿನಲ್ಲಿ ಹೊಂದಿಸಿ ನೋಡಿ. ಮಾಡ್‌ಬಸ್ ರಿಜಿಸ್ಟರ್ 16 ಬಿಟ್‌ನದು, ಫ್ಲೋಟ್‌ಗೆ 32 ಬಿಟ್ ಬೇಕು. ಹಾಗಾಗಿ ಒಂದು ಫ್ಲೋಟ್ ಎರಡು ರಿಜಿಸ್ಟರಿನಲ್ಲಿ ಕೂರುತ್ತದೆ. ಸರಿಯಾಗಿ 230 ವೋಲ್ಟ್ ಇದ್ದರೆ ಆ ಎರಡರಲ್ಲಿ 17254 ಮತ್ತು 0 ಇರುತ್ತವೆ. ಕೆಲವು ಮೀಟರ್‌ಗಳು ಈ ಜೋಡಿಯನ್ನು ಹಿಂದುಮುಂದು ಕಳಿಸುತ್ತವೆ. ಟೆಂಪ್ಲೇಟಿನಲ್ಲಿ ಬೈಟ್ ಆರ್ಡರ್ (ಈ ಜೋಡಿಯನ್ನು ಓದುವ ಕ್ರಮ) ತಪ್ಪಿದ್ದರೆ ಅದೇ 230 ಸ್ಕ್ರೀನಿನಲ್ಲಿ 0.00 ಆಗುತ್ತದೆ. ಆಗ ಜನ ಸುಮ್ನೆ ವೈರ್ ಕಿತ್ತು ಮತ್ತೆ ಹಾಕುತ್ತಾ ಕೂರುತ್ತಾರೆ. ಉತ್ತರ ಬರುತ್ತಿದೆ, ಅಂಕಿ ಮಾತ್ರ ಅಸಂಬದ್ಧ ಅಂದರೆ ವೈರಿಗೆ ಕೈ ಹಚ್ಚಬೇಡಿ, ಮೊದಲು ಟೆಂಪ್ಲೇಟ್ ನೋಡಿ.

30 ಅಂಕಿಗಳನ್ನು ಒಂದೊಂದಾಗಿ ಕೇಳಿಸಬೇಡಿ. ಅಕ್ಕಪಕ್ಕದ ರಿಜಿಸ್ಟರ್‌ಗಳನ್ನು ಒಂದೇ ಗುಂಪು ಮಾಡಿ, ಒಂದು ಸಲಕ್ಕೆ 125ರ ತನಕ ಓದಬಹುದು. ನಡುವೆ ಆ ಮೀಟರ್‌ನಲ್ಲಿ ಇಲ್ಲದ ರಿಜಿಸ್ಟರ್ ಸೇರಿದರೆ ಇಡೀ ಗುಂಪಿಗೇ ಎರರ್ ಬರಬಹುದು, ಅಲ್ಲಿ ಗುಂಪು ಒಡೆಯಿರಿ.

ಹೊಸ ಮೀಟರ್‌ಗಳು ಸಾಮಾನ್ಯವಾಗಿ ಅಡ್ರೆಸ್ 1 ಇಟ್ಟುಕೊಂಡೇ ಬರುತ್ತವೆ. ಲೈನಿಗೆ ಸೇರಿಸುವ ಮುಂಚೆ ಒಂದೊಂದಕ್ಕೂ ಬೇರೆ ನಂಬರ್ ಹಾಕಿ, ಪ್ಯಾನೆಲ್ ಬಾಗಿಲಿನ ಒಳಗಡೆ ಬರೆದು ಅಂಟಿಸಿ. ಇಲ್ಲದಿದ್ದರೆ ಎರಡು ಮೀಟರ್ ಒಟ್ಟಿಗೇ ಮಾತಾಡಿ ಎರಡರದೂ ಕೇಳಿಸುವುದಿಲ್ಲ.

ಮುಂದೆ ಬೇರೆ ಮಾಡೆಲ್ ಮೀಟರ್ ತಂದರೆ ಕಂಪನಿ ಅದೇ ಇದ್ದರೂ ಹಳೆ ಟೆಂಪ್ಲೇಟ್ ಕೊಡಬೇಡಿ. ಕಾಪಿ ಮಾಡಿ, ಮಾಡೆಲ್ ನಂಬರ್ ಸೇರಿಸಿ ಬೇರೆ ಹೆಸರಿಡಿ. ಮತ್ತೆ, ಸುಗ್ಗಿಯಲ್ಲಿ ಭತ್ತದ ಲಾರಿ ಸಾಲುಗಟ್ಟಿ ನಿಂತಾಗ ಓಡುತ್ತಿರುವ ಟೆಂಪ್ಲೇಟಿಗೆ ಕೈ ಹಾಕಬೇಡಿ ದಯವಿಟ್ಟು. ಅಲ್ಲಿ ಒಂದು ಸಾಲು ತಪ್ಪಿದರೆ 22 ಮೀಟರೂ ಒಂದೇ ಏಟಿಗೆ ತಪ್ಪುತ್ತವೆ.

ನಿಮ್ಮ ಮೀಟರ್ ಮ್ಯಾನುಯಲ್‌ನ ರಿಜಿಸ್ಟರ್ ಪಟ್ಟಿಯ ಫೋಟೋ ಹಾಕಿ. ಮೊದಲ ಸಾಲು 30001 ಅಥವಾ 40001 ಅಂತ ಇದ್ದರೆ ಲೈನಿನಲ್ಲಿ ಹೋಗುವ ರಿಜಿಸ್ಟರ್ ಅಡ್ರೆಸ್ 0. ಕೆಲವು ಸಾಫ್ಟ್‌ವೇರ್ ಆ ಒಂದನ್ನು ತಾನೇ ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಯಾವ ಸಾಫ್ಟ್‌ವೇರ್ ಅಂತಲೂ ಬರೆಯಿರಿ, ಮೊದಲ ಐದು ಸಾಲು ನಾನೇ ತುಂಬಿ ತೋರಿಸುತ್ತೇನೆ.