ಮದರ್‌ಬೋರ್ಡ್ ಸಾಕೆಟ್‌ನಲ್ಲಿ ನಾಲ್ಕು ಪಿನ್ ಬಾಗಿದೆ, ಮನೇಲೇ ಸರಿ ಮಾಡಬಹುದಾ?

ನೀವು ಹೇಳಿದ್ದು ಇಷ್ಟು: ಇಂಟೆಲ್‌ನ ಬಿ660 ಬೋರ್ಡು, 12ನೇ ಜನರೇಷನ್ ಐ5 ಪ್ರೊಸೆಸರ್, ಅದು ಕೂರೋ ಸಾಕೆಟ್ಟಲ್ಲಿ ನಾಲ್ಕು ಪಿನ್ ಬಾಗಿದೆ, 8 ಜಿಬಿಯ ಎರಡು ರ‍್ಯಾಮ್ ಹಾಕಿದ್ರೂ ಒಂದೇ ತೋರಿಸ್ತಿದೆ, ಸೋಮವಾರಪೇಟೆ ಕಡೆ ಯಾರೂ ಮುಟ್ಟೋಕೆ ಒಪ್ತಿಲ್ಲ. ಮನೇಲೇ ಮಾಡಬಹುದು. ಆದ್ರೆ ನಾಲ್ಕು ಬಾಗಿದೆ ಅಂತ ನಾಲ್ಕನ್ನೂ ಮುಟ್ಟಬೇಕಾಗಿಲ್ಲ, ಅದನ್ನ ಮೊದ್ಲು ತೀರ್ಮಾನ ಮಾಡ್ಕೊಳ್ಳಿ. ನಾನು ಗೋಣಿಕೊಪ್ಪದಲ್ಲಿ ಸಿಸ್ಟಮ್ ರಿಪೇರಿ ಮಾಡೋನು, ಇಂಥ ಬೋರ್ಡು ಬರ್ತಾನೇ ಇರುತ್ತೆ, ಅದ್ರಲ್ಲಿ ಪೂರ್ತಿ ಹಾಳಾಗಿರೋದು ಜಾಸ್ತಿ ಮನೇಲಿ ಯಾರೋ ಆತುರದಲ್ಲಿ ಚಿಮಟ ಹಾಕಿ ಎಳೆದಿರೋದೇ.

ಮೊದ್ಲು ಪವರ್ ಕೇಬಲ್ ಕಿತ್ತು, ಪ್ರೊಸೆಸರ್ ತೆಗೆದು ಅದರ ತಳ ನೋಡಿ. ಅಲ್ಲಿರೋ ಚಿನ್ನದ ಬಣ್ಣದ ಚುಕ್ಕೆಗಳಲ್ಲಿ ಪಿನ್ ಒತ್ತಿರೋ ಸಣ್ಣ ಗುರುತು ಕಾಣುತ್ತೆ. ಬಾಗಿರೋ ಪಿನ್ನಿನ ಜಾಗದಲ್ಲೂ ಗುರುತು ಸರಿಯಾಗಿ ಬಿದ್ದಿದ್ರೆ ಅದು ತಾಗ್ತಿದೆ ಅಂತ ಅರ್ಥ, ಪಕ್ಕದ ಪಿನ್ನಿಗೆ ಮುಟ್ಟದಿದ್ರೆ ಬಿಟ್ಟುಬಿಡಿ. ಗುರುತೇ ಇಲ್ಲ, ಇಲ್ಲಾ ಚುಕ್ಕೆಯ ಅಂಚಲ್ಲಿ ಬಿದ್ದಿದೆ ಅಂದ್ರೆ ಕೆಲ್ಸ ಅದಕ್ಕೆ ಮಾತ್ರ. ಎರಡು ಪಿನ್ ಒಂದಕ್ಕೊಂದು ತಾಗಿದ್ರೆ ಮಾತ್ರ ಸರಿ ಮಾಡೋವರೆಗೂ ಪವರ್ ಆನ್ ಮಾಡ್ಲೇಬೇಡಿ, ಶಾರ್ಟ್ ಆಗಿ ಪ್ರೊಸೆಸರೇ ಹೋಗಬಹುದು. ಈ ಸಾಕೆಟ್‌ನಲ್ಲಿ ಪಿನ್ 1700 ಇದೆ, ಎಲ್‌ಜಿಎ 1700 ಅಂತ ಹೆಸರಲ್ಲೇ ಇದ್ಯಲ್ಲ, ಅದರಲ್ಲಿ ಬೇಕಾದಷ್ಟು ಬರೀ ಗ್ರೌಂಡು ಮತ್ತೆ ಪವರ್, ಅಂಥದ್ದು ಒಂದು ಹೋದ್ರೂ ಸಿಸ್ಟಮ್ ಓಡೋದುಂಟು. ನಿಮ್ಮ ಕೇಸಲ್ಲಿ ಒಂದು ರ‍್ಯಾಮ್ ಕಾಣ್ತಿಲ್ಲ ಅಂದ್ಮೇಲೆ ಮೆಮೊರಿ ಚಾನೆಲ್ಲಿನ, ಅಂದ್ರೆ ಪ್ರೊಸೆಸರ್ ಮೆಮೊರಿ ಜೊತೆ ಮಾತಾಡೋ ದಾರಿಯ, ಪಿನ್ನೇ ಇರಬೇಕು ಅನ್ಸುತ್ತೆ.

ಒಂದು ವಿಷ್ಯ, ಯೂಟ್ಯೂಬಲ್ಲಿ ಎಟಿಎಂ ಕಾರ್ಡು ತೂರಿಸಿ ಪಿನ್ ಸಾಲು ನೆಟ್ಟಗೆ ಮಾಡ್ತಾರಲ್ಲ, ಅದನ್ನ ಇಲ್ಲಿ ಮಾಡೋಕೆ ಹೋಗ್ಬೇಡಿ. ಅದು ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ4 ಸಾಕೆಟ್ಟಿನ ತರದ್ದಕ್ಕೆ, ಅದರಲ್ಲಿ ಪಿನ್ ಇರೋದು ಪ್ರೊಸೆಸರಲ್ಲಿ, ನೆಟ್ಟಗೆ ನಿಂತಿರೋ ಕಡ್ಡಿ. 2022ರಲ್ಲಿ ಬಂದ ಎಎಂ5ರಿಂದ ಅವರೂ ಪಿನ್ನನ್ನ ಬೋರ್ಡಿಗೆ ತಂದ್ರು, ಇಂಟೆಲ್‌ನವರು ಡೆಸ್ಕ್‌ಟಾಪಲ್ಲಿ 2004ರಿಂದಾನೇ ಹಾಗೆ. ನಿಮ್ಮದು ವಾಲ್ಕೊಂಡಿರೋ ಸ್ಪ್ರಿಂಗು, ಅದು ಓರೆಯಾಗೇ ಇರಬೇಕು, ನೆಟ್ಟಗೆ ನಿಲ್ಲಿಸಿದ್ರೆ ಕೆಡ್ತು.

ಈಗ ಕೆಲ್ಸ. ಪವರ್ ಕೇಬಲ್ ತೆಗೆದೇ ಇರಲಿ, ಬೋರ್ಡನ್ನ ಕ್ಯಾಬಿನೆಟ್ಟಿಂದ ಬಿಚ್ಚಿ ಮೇಜಿನ ಮೇಲೆ ಇಡಿ, ಒಳಗೇ ಇಟ್ಕೊಂಡು ಬಗ್ಗಿ ಮಾಡ್ತೀನಿ ಅಂದ್ರೆ ಕೈ ನಡುಗುತ್ತೆ. ಬೆಳಕು ಮೇಲಿಂದ ಅಲ್ಲ, ಪಕ್ಕದಿಂದ ಬೀಳ್ಬೇಕು, ಗದ್ದೆ ಏರಿ ಮೇಲೆ ನಿಂತು ನಾಟಿ ಸಾಲು ನೋಡೋ ಹಾಗೆ ಓರೆಯಾಗಿ ನೋಡಿದ್ರೆ ಸಾಲು ತಪ್ಪಿದ್ದು ತಾನೇ ಕಾಣುತ್ತೆ, ಆಮೇಲೆ ಬೋರ್ಡನ್ನ ತಿರುಗಿಸಿ ಇನ್ನೊಂದು ಕಡೆಯಿಂದಾನೂ ನೋಡಿ. ಮಳೆಗಾಲ ಆದ್ರೆ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ತಲೆಗೆ ಕಟ್ಕೊಳ್ಳೋ ಟಾರ್ಚ್ ಇದ್ರೆ ಅದೇ ಒಳ್ಳೇದು, ಪಿನ್ ಮೇಲೆ ಸೂಜಿ ಇಟ್ಟಿರುವಾಗ ಕರೆಂಟ್ ಹೋಗೋದು ಬೇಡ. (ಮಳೆಗಾಲದ ಒಂದೇ ಲಾಭ ಅಂದ್ರೆ ಗಾಳೀಲಿ ತೇವ ಇರೋದ್ರಿಂದ ಸ್ಟ್ಯಾಟಿಕ್ (ಮೈಯಲ್ಲಿ ಸೇರೋ ಕರೆಂಟು) ಕಾಟ ಕಮ್ಮಿ, ಆದ್ರೂ ಶುರು ಮಾಡೋ ಮುಂಚೆ ಕ್ಯಾಬಿನೆಟ್ಟಿನ ಲೋಹ ಒಮ್ಮೆ ಮುಟ್ಟಿ.) ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಲೆನ್ಸ್ ಸಿಕ್ಕಿದ್ರೆ ಬಹಳ ಒಳ್ಳೇದು, ಇಲ್ದಿದ್ರೆ ಫೋನ್ ಕ್ಯಾಮೆರಾ ಜೂಮ್ ಮಾಡಿ.

ಉಪಕರಣ ಅಂದ್ರೆ ತೆಳು ಹೊಲಿಗೆ ಸೂಜಿ ಸಾಕು. ಪಿನ್ನನ್ನ ಹಿಡಿದು ಎಳೀಬೇಡಿ, ಅದು ಯಾವ ಕಡೆ ಬಾಗಿದ್ಯೋ ಆ ಕಡೆಯಿಂದ ವಾಪಸ್ ಬರೋ ಹಾಗೆ ಸೂಜಿ ತುದೀಲಿ ಒಂಚೂರು ತಳ್ಳಿ, ನಿಲ್ಸಿ, ನೋಡಿ, ಮತ್ತೆ ಒಂಚೂರು. ಪಕ್ಕದವು ಯಾವ ಕಡೆ ವಾಲಿದ್ಯೋ ಅದೇ ಕಡೆ, ಅಷ್ಟೇ ಎತ್ತರ, ತುದಿಗಳು ಬೆಳಕಲ್ಲಿ ಒಂದೇ ಸಾಲಲ್ಲಿ ಮಿನುಗಿದ್ರೆ ಆಯ್ತು. ಕಡಮೆ ಬಂತು ಅಂದ್ರೆ ಇನ್ನೊಂಚೂರು ತಳ್ಳಬಹುದು, ಜಾಸ್ತಿ ಹೋಯ್ತು ಅಂದ್ರೆ ವಾಪಸ್ ಬಗ್ಗಿಸ್ಬೇಕು, ಹಿಂದೆ ಮುಂದೆ ಮಾಡಿದಷ್ಟೂ ಲೋಹ ಗಡಸಾಗಿ ಮುರಿಯುತ್ತೆ. ಬೆರಳು, ಹತ್ತಿ, ಬಟ್ಟೆ ಯಾವುದೂ ಸಾಕೆಟ್ ಹತ್ರ ಬರಬಾರ್ದು, ಹತ್ತಿ ನೂಲು ಸಿಕ್ಕಿ ಒಳ್ಳೇ ಪಿನ್ನನ್ನೂ ಎಳ್ಕೊಂಡು ಬರುತ್ತೆ.

ವಾಪಸ್ ಹಾಕುವಾಗ ಪ್ರೊಸೆಸರನ್ನ ನೇರ ಕೆಳಗೆ ಇಳಿಸಿ, ಜಾರಿಸ್ಬೇಡಿ. ಒಂದೊಂದು ಸ್ಲಾಟಿಗೆ ಒಂದೊಂದೇ ರ‍್ಯಾಮ್ ಹಾಕಿ ನೋಡಿ, ಆಮೇಲೆ ಎರಡೂ ಹಾಕಿ ಬಯೋಸಲ್ಲಿ (ಸಿಸ್ಟಮ್ ಆನ್ ಆಗುವಾಗ ಕೀ ಒತ್ತಿ ಹೋಗೋ ಸೆಟ್ಟಿಂಗ್) 16 ಜಿಬಿ ಬಂತಾ ನೋಡಿ. ಆಗ್ಲೂ ಒಂದೇ ತೋರಿಸಿದ್ರೆ ಮತ್ತೆ ಸೂಜಿ ಎತ್ಕೋಬೇಡಿ, ಮೊದ್ಲು ಕೂಲರ್ ಸ್ಕ್ರೂ ಬಿಚ್ಚಿ ಎಲ್ಲಾ ಕಡೆ ಸಮವಾಗಿ ಬಿಗಿ ಮಾಡಿ, ಒಂದೇ ಕಡೆ ಬಿಗಿ ಜಾಸ್ತಿ ಆದ್ರೂ ಚಾನೆಲ್ ಮಾಯ ಆಗೋದಿದೆ. ಎಲ್ಲಾ ಬಂದ್ರೆ ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಪ್ರೋಗ್ರಾಮ್ ಹಾಕಿ ರಾತ್ರಿಯಿಡೀ ಓಡಿಸಿ.

ವಾರಂಟಿ ಆಸೆ ಜಾಸ್ತಿ ಇಟ್ಕೋಬೇಡಿ, ಬಾಗಿದ ಪಿನ್ನನ್ನ ಫಿಸಿಕಲ್ ಡ್ಯಾಮೇಜ್ ಅಂತಾನೇ ಬರ್ಕೊಳ್ಳೋದು. ಆದ್ರೂ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಎಸೀಬೇಡಿ, ಅದಿಲ್ದೆ ವಾರಂಟಿಗೆ ಬೋರ್ಡೇ ತಗೊಳ್ಳದೆ ಇರೋದುಂಟು. ಪಿನ್ ಮುರಿದೇ ಹೋದ್ರೆ ಸಾಕೆಟ್ ಬದಲಾಯಿಸೋಕೆ ಬಿಜಿಎ ಮೆಷೀನ್ (ಬೆಸುಗೆ ಕರಗಿಸಿ ಸಾಕೆಟ್ ಎತ್ತಿ ಕೂರಿಸೋ ಯಂತ್ರ) ಬೇಕು, ಬೆಂಗಳೂರು ಎಸ್‌ಪಿ ರೋಡ್ ಕಡೆ ಮಾಡೋರಿದ್ದಾರೆ, ಆದ್ರೆ ಅಲ್ಲಿಗೆ ಹೋಗಿ ಬರೋ ಖರ್ಚು ಸೇರಿಸಿ ಲೆಕ್ಕ ಹಾಕಿದ್ರೆ ಒಂದು ಎಚ್610 ಬೋರ್ಡು ತಗೊಳ್ಳೋದೇ ಮೇಲು ಅನ್ಸುತ್ತೆ, ನಿಮ್ಮ ಪ್ರೊಸೆಸರ್ ಅದಕ್ಕೂ ಕೂರುತ್ತೆ, ರ‍್ಯಾಮ್ ಡಿಡಿಆರ್4 ತರದ್ದೋ ಡಿಡಿಆರ್5 ತರದ್ದೋ ಅಂತ ಮಾತ್ರ ನೋಡಿ ತಗೊಳ್ಳಿ.

ಸೂಜಿ ಹಾಕೋ ಮುಂಚೆ ಸಾಕೆಟ್ಟಿನ ಫೋಟೋ, ಪ್ರೊಸೆಸರ್ ತಳದ ಫೋಟೋ ಎರಡೂ ಇಲ್ಲೇ ಹಾಕಿ, ರ‍್ಯಾಮ್ ಯಾವ ಸ್ಲಾಟಲ್ಲಿ ಕಾಣ್ತಿಲ್ಲ ಅಂತಾನೂ ಬರೀರಿ, ಯಾವುದನ್ನ ಮುಟ್ಟಬೇಕು ಅಂತ ನೋಡಿ ಹೇಳ್ತೀನಿ.