ಕನ್ನಡಿ ಮುಂದೆ ಕೈ ಬೀಸಿದರೆ ಕಂಡಕ್ಟರ್ ಆಗುವುದಿಲ್ಲ

ಪ್ರಶ್ನೆ: ನನಗೆ 22 ವರ್ಷ. ಪಿಯಾನೊ ನುಡಿಸುತ್ತೇನೆ. ದಿನಾ ಒಂದು ಗಂಟೆ ರೆಕಾರ್ಡಿಂಗ್ ಹಾಕಿಕೊಂಡು, ಕನ್ನಡಿ ಮುಂದೆ ಬ್ಯಾಟನ್ (ತಾಳ ತೋರಿಸುವ ಪುಟ್ಟ ಕೋಲು) ಹಿಡಿದು ಅಭ್ಯಾಸ ಮಾಡುತ್ತೇನೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿದರೆ ಆರ್ಕೆಸ್ಟ್ರಾ ಕಂಡಕ್ಟರ್ (ಕೈಸನ್ನೆಯಿಂದ ವಾದ್ಯಗೋಷ್ಠಿ ನಡೆಸುವವರು) ಆಗಬಹುದಂತೆ. ಸೇರಲೇ?

ಸೇರಬೇಡಿ. ಆ ಕನ್ನಡಿ ಅಭ್ಯಾಸವನ್ನೂ ಇವತ್ತೇ ಬಿಡಿ.

ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ರೆಕಾರ್ಡಿಂಗ್ ನಿಮ್ಮ ಕೈ ನೋಡುವುದಿಲ್ಲ. ನೀವು ತಪ್ಪಾಗಿ ಬೀಸಿದರೂ ಅದು ಸರಿಯಾಗಿಯೇ ನುಡಿಯುತ್ತದೆ. ಕೆಲವೇ ದಿನಗಳಲ್ಲಿ ಶಬ್ದದ ಹಿಂದೆ ಹೋಗುವ ಚಾಳಿ ಕೈಗೆ ಹತ್ತಿಬಿಡುತ್ತದೆ. ಕಂಡಕ್ಟರ್ ಕೈ ಶಬ್ದಕ್ಕಿಂತ ಮುಂದೆ ಇರಬೇಕು, ಅಲ್ವಾ? ಈ ಚಾಳಿ ಬಿಡಿಸಲು ನನಗೆ ಒಬ್ಬೊಬ್ಬರ ಜೊತೆ ತಿಂಗಳುಗಟ್ಟಲೆ ಹಿಡಿದಿದೆ.

ಬೇತೊವನ್‌ನ ಐದನೇ ಸಿಂಫನಿ (ಆರ್ಕೆಸ್ಟ್ರಾಗೆಂದು ಬರೆದ ದೊಡ್ಡ ಕೃತಿ) ನಿಮಗೆ ಗೊತ್ತಿರುತ್ತದೆ. ಅದರ ಸ್ಕೋರಿನಲ್ಲಿ, ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನು ಸಾಲು ಸಾಲಾಗಿ ಬರೆದ ಪುಸ್ತಕದಲ್ಲಿ, ಮೊದಲು ಬರೆದಿರುವುದು ಸ್ವರವಲ್ಲ, ಪುಟ್ಟದೊಂದು ಮೌನ. ಆಮೇಲೆ ಮೂರು ಚಿಕ್ಕ ಸ್ವರ, ಅದಾದ ಮೇಲೆ ಹಿಡಿದು ನಿಲ್ಲಿಸುವ ಒಂದು ಸ್ವರ. ಆ ಮೂರು ಸ್ವರ ಎಷ್ಟು ವೇಗ, ಎಷ್ಟು ಜೋರು, ಎಷ್ಟು ಬಿಗಿ ಅನ್ನುವುದೆಲ್ಲ ನೀವು ಕೈ ಎತ್ತುವಾಗಲೇ ಕಾಣಬೇಕು. ನನ್ನ ವಿದ್ಯಾರ್ಥಿಯೊಬ್ಬ ಕೈಯನ್ನು ನಿಧಾನವಾಗಿ ಎತ್ತಿ, ಸರ್ರನೆ ಇಳಿಸಿದ. ಅರ್ಧ ವಯಲಿನ್‌ನವರು ಎತ್ತಿದ ವೇಗ ನಂಬಿದರು. ಉಳಿದವರು ಇಳಿಸಿದ ವೇಗ ನಂಬಿದರು. ಕ್ಲಾರಿನೆಟ್‌ನವರು ವಾದ್ಯ ಬಾಯಿಗಿಟ್ಟುಕೊಂಡು ಸುಮ್ನೆ ಕೂತುಬಿಟ್ಟರು. ಅವನು ಉಸಿರು ಬಿಗಿ ಹಿಡಿದಿದ್ದು ನನಗೆ ಕಾಣುತ್ತಿತ್ತು. "ಕೈ ಎತ್ತುವಾಗ ನೀನೂ ಅವರ ಜೊತೆ ಉಸಿರು ಎಳೆದುಕೋ" ಅಂದೆ. ಮುಂದಿನ ಸಲ ಎಲ್ಲರೂ ಒಟ್ಟಿಗೆ ಬಂದರು. ಇದನ್ನು ಯಾವ ಕನ್ನಡಿ ಹೇಳಿಕೊಡುತ್ತದೆ?

ಇನ್ನು, ಕೈಗಿಂತ ಮೊದಲು ಕಿವಿ ತಯಾರಾಗಬೇಕು. ಕೆಲವು ವಾದ್ಯಗಳಲ್ಲಿ ಬರೆದಿರುವ ಸ್ವರ ಒಂದು, ಕೇಳುವ ಸ್ವರ ಇನ್ನೊಂದು. ಬಿ ಫ್ಲ್ಯಾಟ್ ಕ್ಲಾರಿನೆಟ್‌ನವರು ಸಿ ಅಂತ ಓದಿ ನುಡಿಸಿದರೆ ಕೇಳುವುದು ಬಿ ಫ್ಲ್ಯಾಟ್. ಎಫ್ ಹಾರ್ನ್‌ನವರ ಸಿ ಕೇಳುವುದು ಕೆಳಗಿನ ಎಫ್ ಆಗಿ. ವಯೊಲಾಗೆ ಬೇರೆಯೇ ಕ್ಲೆಫ್ (ಯಾವ ಗೆರೆ ಯಾವ ಸ್ವರ ಅಂತ ತೋರಿಸುವ ಗುರುತು). ಪುಟದಲ್ಲಿ ಇಪ್ಪತ್ತು ಸಾಲು ಇದ್ದರೆ ಇಪ್ಪತ್ತೂ ನಿಮ್ಮ ತಲೆಯೊಳಗೆ ಕೇಳಿಸಬೇಕು. ರಿಹರ್ಸಲ್‌ನಲ್ಲಿ ಎರಡನೇ ಹಾರ್ನ್ ತಪ್ಪಿದರೆ "ಏನೋ ಸರಿಯಿಲ್ಲ, ಮತ್ತೆ ನುಡಿಸಿ" ಅಂದರೆ ಸಾಲದು. ಯಾರು, ಎಲ್ಲಿ, ಏನು ಅಂತ ಹೇಳಬೇಕು. ಹೇಳಲಾಗದವರನ್ನು ವಾದಕರು ಐದೇ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

ಕೋರ್ಸ್ ಮಾರುವವರು ಅಮೆರಿಕದ ಹೆಸರಾಂತ ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್ ಕಥೆ ಹೇಳುತ್ತಾರೆ. 1943ರ ನವೆಂಬರ್ 14ರಂದು ಕಛೇರಿ ನಡೆಸಬೇಕಿದ್ದ ಕಂಡಕ್ಟರ್ ಬ್ರೂನೊ ವಾಲ್ಟರ್‌ಗೆ ಹುಷಾರಿರಲಿಲ್ಲ. 25 ವರ್ಷದ ಬರ್ನ್‌ಸ್ಟೈನ್ ರಿಹರ್ಸಲ್ ಇಲ್ಲದೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಮುಂದೆ ನಿಂತು, ಒಂದೇ ದಿನದಲ್ಲಿ ಹೆಸರಾದರು. ಇದು ನಿಜ. ಆದರೆ ಅವರು ಆಗಲೇ ಅಲ್ಲಿನ ಸಹಾಯಕ ಕಂಡಕ್ಟರ್ ಆಗಿದ್ದರು. ಯಾವಾಗ ಕರೆದರೂ ನಿಲ್ಲಲು ಸ್ಕೋರುಗಳನ್ನು ಕಲಿತಿರುವುದೇ ಆ ಕೆಲಸ. ಈ ಭಾಗವನ್ನು ಮಾತ್ರ ಕೋರ್ಸ್ ಮಾರುವವರು ಹೇಳುವುದಿಲ್ಲ. ಇದು ಮೋಸ.

ಹಾಗಾದರೆ ನೀವೇನು ಮಾಡಬೇಕು? ಪಿಯಾನೊ ಬಿಡಬೇಡಿ, ಸ್ಕೋರ್ ಓದಲು ಅದು ಬೇಕೇ ಬೇಕು. ಜೊತೆಗೆ ಆರ್ಕೆಸ್ಟ್ರಾದ ಒಂದು ವಾದ್ಯ ಕಲಿಯಿರಿ. ಕೊನೆಯ ಸಾಲಿನಲ್ಲಾದರೂ ಸರಿ, ಒಂದೆರಡು ವರ್ಷ ಕೂತು ನುಡಿಸಿ. ಯಾವ ಕೈ ಅರ್ಥವಾಗುತ್ತದೆ, ಯಾವುದು ಆಗುವುದಿಲ್ಲ ಅಂತ ಅಲ್ಲಿಂದಲೇ ಗೊತ್ತಾಗುವುದು. ಸಂಪಾದನೆಗೆ ಬೇರೆ ದಾರಿಯನ್ನೂ ಇಟ್ಟುಕೊಳ್ಳಿ. ಒಂದು ಆರ್ಕೆಸ್ಟ್ರಾಗೆ ವಯಲಿನ್‌ನವರು ಹತ್ತಾರು ಜನ ಬೇಕು, ವೇದಿಕೆ ಮೇಲೆ ಕಂಡಕ್ಟರ್ ಒಬ್ಬರೇ. ಇದನ್ನು ಹೇಳದೆ ಹುರಿದುಂಬಿಸುವುದು ನನ್ನಿಂದ ಆಗದು.

ಪ್ರಶ್ನೆ: ಪರ್ಫೆಕ್ಟ್ ಪಿಚ್ (ಕೇಳಿದ ಸ್ವರ ಯಾವುದೆಂದು ಥಟ್ಟನೆ ಗುರುತಿಸುವ ಶಕ್ತಿ) ಇಲ್ಲದವರು ಕಂಡಕ್ಟರ್ ಆಗಬಹುದೇ?

ಆಗಬಹುದು. ಒಂದು ಸ್ವರಕ್ಕೂ ಇನ್ನೊಂದಕ್ಕೂ ಇರುವ ಅಂತರ ಸರಿಯಾಗಿ ಕೇಳಿಸಿದರೆ ಸಾಕು.

ಪ್ರಶ್ನೆ: ಯಾವ ಬ್ಯಾಟನ್ ಕೊಳ್ಳಲಿ?

ಕೈಗೆ ಹಗುರಾಗಿದ್ದರೆ ಯಾವುದಾದರೂ ಸರಿ. ಫ್ರಾನ್ಸಿನ ಕಂಡಕ್ಟರ್ ಪಿಯರ್ ಬೂಲೆಜ್ ಬ್ಯಾಟನ್ ಇಲ್ಲದೆ ಬರಿಗೈಯಲ್ಲೇ ನಡೆಸುತ್ತಿದ್ದರು.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಈ ವೃತ್ತಿ ಆಗುತ್ತದೆಯೇ?

ಕಂಡಕ್ಟರ್ ಮರಿನ್ ಆಲ್ಸಪ್ 2007ರಲ್ಲೇ ಅಮೆರಿಕದ ಬಾಲ್ಟಿಮೋರ್ ಸಿಂಫನಿ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕಿ (ಮುಖ್ಯ ಕಂಡಕ್ಟರ್) ಆದರು. ದಯವಿಟ್ಟು ಈ ಪ್ರಶ್ನೆ ಇನ್ನು ಕಳಿಸಬೇಡಿ.

ಪ್ರಶ್ನೆ: ವೇದಿಕೆಯಲ್ಲಿ ಗೆಲ್ಲದವರು ಮಕ್ಕಳಿಗೆ ಕಲಿಸುತ್ತಾರಂತೆ, ಹೌದೇ?

ಈ ಮಾತು ಕೇಳಿದರೆ ನನಗೆ ತುಂಬಾ ನೋವಾಗುತ್ತದೆ. ಮೇಲೆ ಹೇಳಿದ ಅದೇ ಬರ್ನ್‌ಸ್ಟೈನ್ ಹೆಸರಿನ ತುತ್ತತುದಿಯಲ್ಲಿದ್ದಾಗ, 1958ರಿಂದ 1972ರವರೆಗೆ, ಟಿವಿಯಲ್ಲಿ ಮಕ್ಕಳಿಗಾಗಿ 53 ಕಛೇರಿಗಳನ್ನು ನಡೆಸಿ ಸಂಗೀತ ವಿವರಿಸಿದರು. ಅನುಭವಿ ವಾದಕರು ನಿಮ್ಮ ಕೆಟ್ಟ ಕೈಯನ್ನು ಸಹಿಸಿಕೊಂಡು ತಾವೇ ಸರಿಮಾಡಿ ನುಡಿಸಿಬಿಡುತ್ತಾರೆ. ಮಕ್ಕಳಿಗೆ ಅದು ಬರುವುದಿಲ್ಲ. ನೀವು ತೋರಿಸಿದ್ದನ್ನೇ ನುಡಿಸುತ್ತಾರೆ, ತಪ್ಪನ್ನೂ ಸೇರಿಸಿ. ಎಂಟು ಮಕ್ಕಳ ಗುಂಪು ಸಿಕ್ಕರೂ ಬಿಡಬೇಡಿ, ನಾಳೆಯೇ ಅವರ ಮುಂದೆ ಹೋಗಿ ನಿಲ್ಲಿ.