ಓದುಗರ ಪ್ರಶ್ನೆ: ಫಾರ್ಮ್ 1 ಮೇಲೆ ಸಹಿ ನಂದು, ಯಾರನ್ನ ನಂಬ್ಲಿ?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರು ಹತ್ರ ವಿಮಾನದ ಬಿಡಿಭಾಗ ರಿಪೇರಿ ಮಾಡೋ ಶಾಪಲ್ಲಿ ಇದೀನಿ, ಹೈಡ್ರಾಲಿಕ್ ಆಕ್ಚುಯೇಟರ್ (ಎಣ್ಣೆ ಒತ್ತಡದಿಂದ ವಿಮಾನದ ಭಾಗಗಳನ್ನ ಆಡಿಸೋದು) ಸೆಕ್ಷನ್. ಈಗ ಇನ್‌ಸ್ಪೆಕ್ಷನ್ ಲೀಡ್ ಮಾಡಿದಾರೆ, ಕೆಲಸ ಸರಿಯಾಗಿ ಆಗಿದೆ ಅಂತ ಪಾರ್ಟ್ ಜೊತೆ ಕಳ್ಸೋ ಫಾರ್ಮ್ 1 ಸರ್ಟಿಫಿಕೇಟ್ ಮೇಲೆ ರಿಲೀಸ್ ಸಹಿನೂ ನಂದೇ. ಹುಡುಗರೆಲ್ಲ ನನ್ ಜೊತೆಗೇ ಕೆಲಸ ಕಲ್ತೋರು. ಮಂತ್ ಎಂಡ್ ಬಂದ್ರೆ ಯೂನಿಟ್‌ಗಳು ಒಟ್ಟಿಗೇ ಟೇಬಲ್ ಮೇಲೆ ಬೀಳ್ತವೆ, ಕಸ್ಟಮರ್ ವಿಮಾನ ನಿಂತಿದೆ ಬೇಗ ಕಳ್ಸಿ ಅಂತಾರೆ. ಜನ ಕಮ್ಮಿ ಇದ್ದಾಗ ನಾನೂ ಸ್ಪ್ಯಾನರ್ ಹಿಡೀಬಹುದಾ? ಹುಡುಗರನ್ನ ನಂಬಿ ಸಹಿ ಹಾಕ್ಬಹುದಾ?

ಉತ್ತರ: ಮೊದ್ಲು ಸ್ಪ್ಯಾನರ್ ವಿಷಯ ಹೇಳ್ತೀನಿ, ಯಾಕಂದ್ರೆ ಅದು ನೋಡಕ್ಕೆ ಒಳ್ಳೇತನ, ಆದ್ರೆ ನಿಮ್ ಕೆಲಸದಲ್ಲಿ ಅದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. 1991ರ ಸೆಪ್ಟೆಂಬರ್ 11ಕ್ಕೆ ಅಮೆರಿಕದ ಟೆಕ್ಸಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಅನ್ನೋ ಫ್ಲೈಟು ಗಾಳಿಲೇ ಒಡೆದು ಬಿತ್ತು, ಒಳಗಿದ್ದ 14 ಜನಾನೂ ಸತ್ರು. ಹಿಂದಿನ ರಾತ್ರಿ ಹೂಸ್ಟನ್ ಹ್ಯಾಂಗರಲ್ಲಿ ಬಾಲದ ಅಡ್ಡರೆಕ್ಕೆ ಮುಂಭಾಗದ ಡಿಐಸ್ ಬೂಟ್ (ಕಟ್ಟಿದ ಹಿಮ ಒಡೆಯೋ ರಬ್ಬರ್ ಪಟ್ಟಿ) ಬದಲಾಯಿಸ್ತಿದ್ರು. ಸೆಕೆಂಡ್ ಶಿಫ್ಟ್ ಇನ್‌ಸ್ಪೆಕ್ಟರ್ ಒಬ್ರು ಮೆಕ್ಯಾನಿಕ್‌ಗಳಿಗೆ ಸಹಾಯ ಆಗ್ಲಿ ಅಂತ ತಾವೇ ಮೇಲೆ ಹತ್ತಿ ಆ ಮುಂಭಾಗ ಹಿಡಿದಿಡೋ ಮೇಲ್ಗಡೆ ಸ್ಕ್ರೂ ಬಿಚ್ಚಿದ್ರು, ಎಡಗಡೆ 47 ಸ್ಕ್ರೂ. ಆಮೇಲೆ ಬಲಗಡೆ ಬೂಟ್ ಮಾತ್ರ ಬದಲಾಯ್ತು, ಎಡಗಡೆದು ಇನ್ನೊಂದ್ ದಿನ ಮಾಡೋಣ ಅಂತ ಬಿಟ್ರು, ಅಲ್ಲಿ ಮೇಲಿನ ಸ್ಕ್ರೂ ಇಲ್ಲ ಅನ್ನೋದು ಮುಂದಿನ ಶಿಫ್ಟ್‌ನೋರಿಗೆ ಗೊತ್ತೇ ಇಲ್ಲ. ಆ ಇನ್‌ಸ್ಪೆಕ್ಟರ್ ಹ್ಯಾಂಡೋವರ್ ಹಾಳೇಲಿ ಬೂಟ್ ತೆಗೆಯಕ್ಕೆ ಸಹಾಯ ಮಾಡ್ದೆ ಅಂತ ಬರೆದಿದ್ರು ಕೂಡ, ಆದ್ರೆ ಥರ್ಡ್ ಶಿಫ್ಟ್ ಇನ್‌ಸ್ಪೆಕ್ಟರ್ ಬೇಗ ಬಂದು, ಅವರು ಬರೆಯೋ ಮುಂಚೇನೇ ಹಾಳೆ ನೋಡ್ಬಿಟ್ಟಿದ್ರು. ಬೆಳಿಗ್ಗೆ ವಿಮಾನ ಹಾರ್ತು.

ನನಗೆ ಈ ಅಪಘಾತದ ತನಿಖಾ ರಿಪೋರ್ಟಲ್ಲಿ ತುಂಬಾ ಕಾಡೋದು ಇದೇ, ಅಲ್ಲಿ ಯಾರೂ ಸೋಮಾರಿಗಳಲ್ಲ. ಆದ್ರೆ ಇನ್‌ಸ್ಪೆಕ್ಟರ್ ಕೈಗೆ ಸ್ಕ್ರೂಡ್ರೈವರ್ ಬಂದ ಕೂಡ್ಲೇ ಆ ಕೆಲಸ ನೋಡೋಕೆ ಎರಡನೇ ಕಣ್ಣು ಇಲ್ದಂಗಾಯ್ತು. ಅದರ ಹಿಂದಿನ ವರ್ಷ ಇಂಗ್ಲೆಂಡಲ್ಲಿ ಬ್ರಿಟಿಷ್ ಏರ್‌ವೇಸ್ 5390ರ ಮುಂದಿನ ಗಾಜು ಕಿತ್ಕೊಂಡ್ ಹೋಗಿ ಕ್ಯಾಪ್ಟನ್ ಅರ್ಧ ಮೈ ಹೊರಗೆ ನೇತಾಡಿದ್ರಲ್ಲ (ಬದುಕಿದ್ರು, ಪುಣ್ಯ), ಅಲ್ಲೂ ಶಿಫ್ಟ್ ಮ್ಯಾನೇಜರ್ ತಾವೇ ಗಾಜು ಕೂರಿಸಿ ತಾವೇ ಸಹಿ ಹಾಕಿದ್ರು, 90 ಬೋಲ್ಟಲ್ಲಿ 84 ಬೋಲ್ಟಿನ ದಪ್ಪ ಕಮ್ಮಿ ಇತ್ತು. ಹಾಗಾಗಿ ಜನ ಕಮ್ಮಿ ಇದ್ರೆ ಕೆಲಸ ನಿಧಾನ ಆಗ್ಲಿ, ನೀವು ಮುಟ್ಟಬೇಡಿ. ಮುಟ್ಟಲೇಬೇಕಾಗಿ ಬಂತಾ, ಆ ಯೂನಿಟ್ ಫೈನಲ್ ಇನ್‌ಸ್ಪೆಕ್ಷನ್ ಅಧಿಕಾರ ಇರೋ ಇನ್ನೊಬ್ರು ಮಾಡ್ಲಿ, ನೀವು ಏನು ಬಿಚ್ಚಿದ್ರಿ ಅನ್ನೋದು ಜಾಬ್ ಕಾರ್ಡ್ (ಮಾಡಿದ ಕೆಲಸ ಬರೆಯೋ ಹಾಳೆ) ಮೇಲೆ ಆಗಿಂದಾಗ್ಲೇ ಬರೀರಿ, ಶಿಫ್ಟ್ ಮುಗಿಲಿ ಅಂತ ಕಾಯ್ಬೇಡಿ.

ಇನ್ನು ನಂಬೋದು. ಹುಡುಗರನ್ನ ನಂಬ್ಲೇಬೇಕು, ಸೀಲ್ ಹಾಕಿ ಮುಚ್ಚಿದ ಆಕ್ಚುಯೇಟರ್ ಒಳಗೆ ಏನಿದೆ ಅಂತ ನಿಮಗೆ ಹೊರಗಿಂದ ಕಾಣಲ್ಲ. ಆದ್ರೆ ಮುಖ ನೋಡಿ ನಂಬೋದಲ್ಲ, ಜಾಬ್ ಕಾರ್ಡ್ ನೋಡಿ. ಪಿಸ್ಟನ್ ರಾಡ್ ಅಳತೆ ಕಾಲಂನಲ್ಲಿ ಬರೀ ಓಕೆ ಅಂತಿದ್ರೆ ವಾಪಸ್ ಕಳ್ಸಿ. ಅಲ್ಲಿ ರೀಡಿಂಗ್ ಬೇಕು, ಯಾವ ಮೈಕ್ರೋಮೀಟರಲ್ಲಿ ತೆಗೆದಿದ್ದು ಅಂತ ಬೇಕು, ಅದರ ಕ್ಯಾಲಿಬ್ರೇಷನ್ (ಅಳತೆ ಸರಿ ಇದೆಯಾ ಅನ್ನೋ ಪರೀಕ್ಷೆ) ಅವಧಿ ಅವತ್ತಿಗೆ ಮುಗಿದಿರಬಾರದು. ಓ-ರಿಂಗ್ ಯಾವ ಬ್ಯಾಚು, ಶೆಲ್ಫ್ ಲೈಫ್ ಇದೆಯಾ, ಕಾರ್ಡಲ್ಲಿರೋ ಮ್ಯಾನ್ಯುಯಲ್ ರಿವಿಷನ್ ಈಗಿಂದೇನಾ ಅಥವಾ ಯಾರೋ ಹಳೇ ಪ್ರಿಂಟ್ ಬೆಂಚ್ ಡ್ರಾಯರಲ್ಲಿ ಇಟ್ಕೊಂಡಿದಾರಾ ನೋಡಿ. ಸಾಲಾಗಿ ಟೆಸ್ಟ್ ಆದ ಎಲ್ಲಾ ಯೂನಿಟ್‌ದೂ ಲೀಕೇಜ್ ರೀಡಿಂಗ್ ಅಚ್ಚೊತ್ತಿದಂಗೆ ಒಂದೇ ಇದ್ರೆ ಬೈಯಕ್ಕೆ ಹೋಗ್ಬೇಡಿ, ಟೆಸ್ಟ್ ಬೆಂಚ್ ಹತ್ರ ನಿಂತು ಒಂದನ್ನ ಮತ್ತೆ ಓಡ್ಸಿ ಅನ್ನಿ, ಗೇಜ್ ಮುಳ್ಳು ನೀವೇ ನೋಡಿ. ಹೀಗೆ ಮಾಡ್ತಾರೆ ಅಂತ ಗೊತ್ತಾದ್ಮೇಲೆ ಕಾರ್ಡ್‌ಗಳು ತಾವಾಗೇ ಸರಿಯಾಗಿ ಬರ್ತವೆ.

ಮಂತ್ ಎಂಡ್ ಗಲಾಟೆಗೆ ಮಂತ್ ಎಂಡಲ್ಲಿ ಮದ್ದಿಲ್ಲ. ಯೂನಿಟ್ ಶಾಪಿಗೆ ಬಂದ ದಿನಾನೇ ಶುರು ಮಾಡಿ, ಡಬ್ಬದಲ್ಲಿ ಬಂದಿದ್ದು ಯಾವ ಸ್ಥಿತೀಲಿತ್ತು, ಕಸ್ಟಮರ್ ಹೇಳಿರೋ ದೋಷ ಬಿಟ್ಟು ಒಳಗೆ ಬೇರೆ ಏಟು ಬಿದ್ದಿದೆಯಾ ಅಂತ. ಮುಚ್ಚೋ ಮುಂಚೆ ಒಂದು ಕಡೆ ಕಡ್ಡಾಯವಾಗಿ ನಿಲ್ಲಿಸಿ, ಇನ್‌ಸ್ಪೆಕ್ಟರ್ ಸ್ಟ್ಯಾಂಪ್ ಬೀಳದೆ ಮುಂದೆ ಹೋಗ್ಬಾರ್ದು. ಇಷ್ಟಾದ್ರೆ ಕೊನೇಲಿ ನಿಮ್ಮ ಟೇಬಲ್‌ಗೆ ಬರೋದು ಅರ್ಧ ನೋಡಿ ಆಗಿರೋ ಕೆಲಸ.

ಫಾರ್ಮ್ 1 ತುಂಬೋವಾಗ, ಯಾವ ಥರದ ಕೆಲಸ ಆಯ್ತು ಅಂತ ಬರೆಯೋ 11ನೇ ಬಾಕ್ಸ್ ಹುಷಾರು. ಪೂರ್ತಿ ಬಿಚ್ಚಿ, ತೊಳೆದು, ಪರೀಕ್ಷೆ ಮಾಡಿ, ಬೇಕಾದ್ದು ರಿಪೇರಿ ಮಾಡಿ, ಜೋಡಿಸಿ, ಟೆಸ್ಟ್ ಮಾಡಿದ್ರೆ ಮಾತ್ರ ಓವರ್‌ಹಾಲ್ಡ್. ಒಂದು ಸೀಲ್ ಬದಲಾಯಿಸಿ ಕಳಿಸ್ತಿದ್ರೆ ಅದು ರಿಪೇರ್ಡ್ ಅಷ್ಟೇ, ಸೇಲ್ಸ್‌ನೋರು ಎಷ್ಟೇ ಕೇಳ್ಕೊಂಡ್ರೂ. ಏನು ಮಾಡಿದ್ರಿ, ಯಾವ ಮ್ಯಾನ್ಯುಯಲ್ ಯಾವ ರಿವಿಷನ್ ಪ್ರಕಾರ ಅನ್ನೋದು 12ರಲ್ಲಿ ಬಿಡಿಸಿ ಬರೀರಿ. ನಿಮ್ ಹುಡುಗ ಯಾರಾದ್ರೂ ಇದನ್ನ ಬಿಡಲ್ಲ ಅಂತ ರೆಡ್ ಟ್ಯಾಗ್ ಹಾಕಿದ್ರೆ ಮ್ಯಾನೇಜರ್ ಫೋನ್ ಅವನಿಗೆ ಹೋಗೋಕೆ ಬಿಡ್ಬೇಡಿ, ನೀವು ಎತ್ಕೊಳ್ಳಿ. ಅವನ ತೀರ್ಮಾನ ತಪ್ಪು ಅನ್ಸಿದ್ರೂ ಮ್ಯಾನ್ಯುಯಲ್ ತೆಗೆದು ಅವನ ಜೊತೆ ಕೂತು ಮಾತಾಡಿ, ಎಲ್ಲರ ಮುಂದೆ ಟ್ಯಾಗ್ ಕೀಳ್ಬೇಡಿ.

ಪ್ರಶ್ನೆ: ಏರ್‌ಲೈನ್ ಸ್ಟೋರ್ಸಲ್ಲಿ ಇದೀನಿ. ಪಾರ್ಟ್ ಜೊತೆ ಫಾರ್ಮ್ 1 ಬಂದಿದ್ರೆ ಇನ್ನೇನು ನೋಡ್ಬೇಕು?

ಉತ್ತರ: ಪಾರ್ಟನ್ನ ನೋಡ್ಬೇಕು! ಈ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ವಿಮಾನಕ್ಕೆ ಹಾಕೋ ಅನುಮತಿ ಸಿಕ್ತು ಅಂತಲ್ಲ ಅನ್ನೋದು ಆ ಫಾರ್ಮ್ ಮೇಲೇ ಅಚ್ಚಾಗಿರತ್ತೆ, ಓದೋರು ಕಮ್ಮಿ. 2023ರಲ್ಲಿ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಅನ್ನೋ ಪಾರ್ಟ್ ಮಾರೋ ಕಂಪನಿ ಹಗರಣ ಹೊರಗೆ ಬಂತಲ್ಲ, ಸಿಎಫ್‌ಎಂ56 ಇಂಜಿನ್ ಪಾರ್ಟುಗಳಿಗೆ ನಕಲಿ ರಿಲೀಸ್ ಪೇಪರ್, ಅದು ಹೊರಬಿದ್ದಿದ್ದು ಹೇಗೆ ಗೊತ್ತಾ, ಪೋರ್ಚುಗಲ್‌ನ ಟ್ಯಾಪ್ ಏರ್‌ಲೈನ್ ಶಾಪಲ್ಲಿ ಪೇಪರ್ ಹೊಸದು ಅಂತಿದ್ದ ಒಂದು ಪಾರ್ಟ್ ಕೈಗೆ ಸವೆದಂಗೆ ಕಾಣ್ತು, ತಯಾರಕರಾದ ಸಾಫ್ರಾನ್‌ನ ಕೇಳಿದ್ರು, ಆ ಪೇಪರ್ ನಮ್ದಲ್ಲ ಅಂದ್ರು. ಸೀರಿಯಲ್ ನಂಬರ್ ಫಾರ್ಮಿಗೂ ಪಾರ್ಟಿಗೂ ಅಕ್ಷರಕ್ಕಕ್ಷರ ಸರಿ ಇದೆಯಾ ನೋಡಿ, ಅನುಮಾನ ಬಂದ್ರೆ ಬೇರೆ ಇಟ್ಟು ಸಹಿ ಹಾಕಿದ ಸಂಸ್ಥೆಗೇ ನೇರವಾಗಿ ಮೇಲ್ ಮಾಡಿ, ಮಾರಿದ ಏಜೆಂಟ್ ಕೊಟ್ಟ ನಂಬರಿಗೆ ಅಲ್ಲ.

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದೀನಿ. ಕಾಂಪೊನೆಂಟ್ ಇನ್‌ಸ್ಪೆಕ್ಟರ್ ಆಗಕ್ಕೆ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಲೈಸೆನ್ಸ್ ಬೇಕೇ ಬೇಕಾ?

ಉತ್ತರ: ವಿಮಾನಾನೇ ರಿಲೀಸ್ ಮಾಡೋಕೆ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ನಿಯಂತ್ರಕ) ಕೊಡೋ ಆ ಲೈಸೆನ್ಸ್ ಬೇಕು. ಕಾಂಪೊನೆಂಟ್ ಶಾಪಲ್ಲಿ ಟ್ರೈನಿಂಗು ಅನುಭವ ನೋಡಿ ಸಂಸ್ಥೆಯ ಕ್ವಾಲಿಟಿ ವಿಭಾಗ ಆಥರೈಸೇಷನ್ ಕೊಡತ್ತೆ, ಆ ಶಾಪ್ ಬಿಟ್ರೆ ಅದೂ ಅಲ್ಲಿಗೇ ಮುಗೀತು. ಅಮೆರಿಕದ ರಿಪೇರ್‌ಮನ್ ಸರ್ಟಿಫಿಕೇಟೂ ಹೀಗೇ, ಆ ಕೆಲಸದಲ್ಲಿ 18 ತಿಂಗಳ ಅನುಭವ ಅಥವಾ ಒಪ್ಪಿಗೆಯಾದ ಟ್ರೈನಿಂಗ್ ಕೇಳ್ತಾರೆ. ಸದ್ಯಕ್ಕೆ ಮೈಕ್ರೋಮೀಟರ್, ಬೋರ್ ಗೇಜ್ ಕೈಗೆ ಕೂರೋ ಥರ ಅಭ್ಯಾಸ ಮಾಡ್ಕೊಳ್ಳಿ, ಡ್ರಾಯಿಂಗ್ ಓದೋದು ಕಲೀರಿ, ಮ್ಯಾನ್ಯುಯಲ್‌ಗಳೆಲ್ಲ ಇಂಗ್ಲಿಷಲ್ಲೇ ಇರೋದ್ರಿಂದ ಅದಕ್ಕೂ ದಿನಾ ಸ್ವಲ್ಪ ಟೈಮ್ ಕೊಡಿ.